ಏಳು ನಿಮಿಷ

ವಿಮಾನ ನಿಲ್ದಾಣದ ಗಾಜಿನ ಮೇಲೆ
ಮುಬೀನ್‌ತಾಜ್ ನಾಲ್ಕು ಸಲ ಬೆರಳೊತ್ತಿದಳು.
ನಾಲ್ಕು ಸಲವೂ ಯಂತ್ರಕ್ಕೆ ಯಾರೂ ಕಾಣಲಿಲ್ಲ.
ಅಧಿಕಾರಿ ಗಾಜು ಒರೆಸಿದ, ಅವಳು ಸೆರಗಿಗೆ ಬೆರಳು ಒರೆಸಿದಳು,
ಇಬ್ಬರೂ ನನ್ನತ್ತ ನೋಡಿದರು.
ನಾನು ದುಭಾಷಿ. ಹೇಳಬೇಕಿತ್ತು:
ಶಿಡ್ಲಘಟ್ಟದ ಫಿಲೇಚರಿನಲ್ಲಿ, ಕುದಿನೀರಿನಲ್ಲಿ
ಇಪ್ಪತ್ತೆರಡು ವರ್ಷ ಗೂಡು ಕೆದಕಿ
ನೂಲಿನ ತುದಿ ಹುಡುಕಿದ ಕೈ ಇದು,
ಗೆರೆಗಳೆಲ್ಲ ನೂಲಿನ ಜೊತೆಗೇ ಹೋಗಿವೆ.
ಸ್ಕಿನ್ ಪ್ರಾಬ್ಲಂ, ಅಂದೆ.
ಮುದ್ರೆ ಬಿತ್ತು.

ನೈರೋಬಿಯಲ್ಲಿ ಚಳಿ. ಇದನ್ನು ಯಾರೂ ಹೇಳಿರಲಿಲ್ಲ.
ಮೂವತ್ತೊಂದು ದೇಶ, ಒಂದು ಸಭಾಂಗಣ.
ಕೊರಳ ಚೀಟಿಯಲ್ಲಿ ಅವಳ ಹೆಸರು
ಮಿಸ್ಟರ್ ಎಂದು ಶುರುವಾಗಿತ್ತು.
ಬಡದೇಶದ ಹೆಂಗಸರ ಮೇಲೆ ಒಬ್ಬಾಕೆ
ನಲವತ್ತು ನಿಮಿಷ ಬಣ್ಣದ ಕಂಬಗಳನ್ನು ಎಬ್ಬಿಸಿದಳು.
"ಏನಂತೆ?"
ನಿಮ್ಮಂಥವರ ಬಗ್ಗೆ.
"ಅದ್ರಾಗೆ ನಾನು ಎಲ್ಲಿದ್ದೀನಿ?"
ಮೂರನೇ ಕಂಬ, ಹಳದಿ, ಕೆಳಗಿನ ಅರ್ಧ.
ಬಹಳ ಹೊತ್ತು ಅದನ್ನೇ ನೋಡಿದಳು,
ಮದುವೆ ಫೋಟೋದಲ್ಲಿ ತನ್ನನ್ನು ಹುಡುಕುವವಳ ಹಾಗೆ.

ಆಮೇಲೆ ಅವಳ ಸರದಿ. ಏಳು ನಿಮಿಷ,
ಅವಳಿಗೂ ನನಗೂ ಸೇರಿ.
ಅವಳಿಗದು ಗೊತ್ತಿಲ್ಲ; ನಾನೂ ಹೇಳಲಿಲ್ಲ.
ಮೈಕಿಗೆ ಸಲಾಂ ಹೇಳಿ, ಅಮ್ಮನ ಕೆರೆಯಿಂದ ಹಿಡಿದಳು.
ನಸುಕಿನ ನಾಲ್ಕಕ್ಕೆ ಒಲೆಗೊಡ್ಡುವ ಹುಣಸೆ ಸೌದೆ,
ಕೂದಲಿಗೆ ಹತ್ತಿದ ಸತ್ತ ಹುಳುವಿನ ವಾಸನೆಗೆ
ಮೊದಲ ರಾತ್ರಿಯೇ ಜಗಲಿಗೆ ಹೋಗಿ ಮಲಗಿದ ಗಂಡ
(ನಗಬೇಕಾದ ಜಾಗ ಅದು, ಅವಳೊಬ್ಬಳೇ ನಕ್ಕಳು),
ಹೊಗೆ ಹೋಗಲು ಗೋಡೆಗೊಂದು ಕಂಡಿ ಕೇಳಿದರೆ
ಅದೇ ಗೋಡೆಗೆ ಮಾಲೀಕ ಕೊಟ್ಟ ಕ್ಯಾಲೆಂಡರು.
ಆಮೇಲೆ ಮಗಳ ಮಾತು ತೆಗೆದಳು.
"ಮೂರು ವರ್ಷ ಆದ್ಮೇಲೆ ಕೈಗೆ ಬಿಸಿ ಗೊತ್ತಾಗಲ್ಲ.
ಕೂಸಿಗೆ ಅನ್ನ ಕಲಸಿ ತುತ್ತಿಟ್ಟೆ. ನನ್ ಬೆರಳಿಗೆ ತಣ್ಣಗೇ ಇತ್ತು.
ಅದ್ರ ನಾಲಿಗೆ ಬೊಬ್ಬೆ ಎದ್ದೋಯ್ತು.
ಅವತ್ತಿಂದ ಅನ್ನ ಆರೈತಾ ಅಂತ
ಪಕ್ಕದ್ಮನೆ ಯಲ್ಲಮ್ಮನ್ನ ಕರ್ದು ಕೇಳ್ತೀನಿ."

ಕೆಂಪು ದೀಪ ಮಿನುಗಿತು.
ನನ್ನ ಪಾಲಿಗೆ ಉಳಿದದ್ದು ಇಪ್ಪತ್ತು ಸೆಕೆಂಡು.
ಚಿಂತಾಮಣಿಯ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ
ಸಾರಾಂಶ ಬರೆಯುವುದನ್ನು ಕಲಿಸಿದವಳು ನಾನು:
ರೇಷ್ಮೆ ಕೂಲಿ ಮಹಿಳೆಯರಿಗೆ ಆರೋಗ್ಯದ ಸಮಸ್ಯೆಗಳಿವೆ,
ಮೂಲಸೌಕರ್ಯ ಬೇಕಿದೆ, ಧನ್ಯವಾದ.
ಚಪ್ಪಾಳೆ.

ಮೆಟ್ಟಿಲಿಳಿಯುತ್ತ ಕೇಳಿದಳು,
"ನಾನು ಅಷ್ಟುದ್ದ ಬಿಚ್ಚಿದೆ, ನೀನು ಇಷ್ಟೇ ಸುತ್ತಿದೆ.
ನಡುವೆ ಎಳೆ ಎಲ್ಲಿ ತುಂಡಾಯ್ತು ಮೇಡಮ್ಮಾ?"
ಇಂಗ್ಲಿಷ್ ಹಾಗೇ, ಚಿಕ್ಕ ಭಾಷೆ, ಅಂದೆ.
ನಂಬಿದಳು.
ಪಾಪ, ಅಂದಳು ಇಂಗ್ಲಿಷಿಗೆ.

ವರದಿ ಬರಲು ಹದಿನಾಲ್ಕು ತಿಂಗಳು.
ದಪ್ಪ ಪುಸ್ತಕ, ನೂರಾ ಹನ್ನೆರಡನೇ ಪುಟ, ಒಂದೂವರೆ ಸಾಲು.
ಬಸ್ಸು ಹಿಡಿದು ಫಿಲೇಚರಿಗೇ ಒಯ್ದು ತೋರಿಸಿದೆ.
ಒದ್ದೆ ಕೈ ಒರೆಸಿಕೊಂಡು ಸಾಲನ್ನು ಅಳೆದಳು.
ಮೊದಲನೆಯದು ಆರು ಬೆರಳು, ಇನ್ನೊಂದು ಮೂರು.
"ಒಂದು ಗೂಡಿಂದ ಏಳ್ನೂರು ಮೀಟ್ರು ತೆಗೀತೀನಿ ನಾನು,"
ಅಂದಳು, ಬೇಸರವಿಲ್ಲದೆ, ದರ ಹೇಳುವವಳ ಹಾಗೆ.
ಸಮ್ಮೇಳನದ ಚೀಲ ಮೊಳೆಗೆ ನೇತುಬಿದ್ದಿತ್ತು,
ಒಳಗೆ ಈರುಳ್ಳಿ.

ಆಮೇಲೆ ಬೇಸಿನ್ನಿನ ಮುಂದೆ ನನ್ನನ್ನು ಕೂರಿಸಿ
"ಕೈ ಇಡು" ಅಂದಳು.
ಇಟ್ಟೆ.
ಏನು ಕೂಗಿದೆನೋ ನೆನಪಿಲ್ಲ,
ಸಾಲಿನ ಹೆಂಗಸರೆಲ್ಲ ತಿರುಗಿ ನೋಡಿದರು.
"ಅದೇ," ಅಂದಳು ಮುಬೀನ್‌ತಾಜ್,
"ಅದನ್ನ ಅಲ್ಲಿ ಯೋಳಿದ್ರೆ ಆಗ್ತಿತ್ತು."

ಊಟಕ್ಕೆ ಮನೆಗೆ ಕರೆದೊಯ್ದಳು. ನನ್ನ ಬೆರಳು ಇನ್ನೂ ಉರಿಯುತ್ತಿತ್ತು.
ಮಗಳು ಶಾಹಿಸ್ತಾ, ಎಸ್ಸೆಸ್ಸೆಲ್ಸಿ,
ಗಣಿತದ ಟ್ಯೂಷನ್ನಿಂದ ಬಂದು, ಬ್ಯಾಗು ಬಿಸಾಕಿ,
ತಂಗಳನ್ನಕ್ಕೆ ಮೊಸರು ಕಲಸಿಕೊಂಡಳು.
ಬಾಯಿಗಿಡುವ ಮೊದಲು
ತುತ್ತನ್ನು ಮೂರು ಸಲ ಊದಿದಳು.